ಪೊರೆ ಆಪರೇಷನ್ ಆದ ಕಣ್ಣಿಗೆ ವೆಲ್ಡಿಂಗ್ ಹೆಲ್ಮೆಟ್‌ನ ಚೀಟರ್ ಲೆನ್ಸ್: ಯಾವ ಪವರ್, ಯಾರಿಗೆ, ಎಲ್ಲಿ ಕೈಕೊಡುತ್ತದೆ

ಕಣ್ಣಿನ ಪೊರೆ ತೆಗೆಸಿ ಹೊಸ ಲೆನ್ಸ್ ಹಾಕಿಸಿಕೊಂಡ ವೆಲ್ಡರ್‌ಗಳು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ದೂರದ ಬೋರ್ಡು ಚೆನ್ನಾಗಿ ಓದಲು ಬರುತ್ತದೆ, ಹೆಲ್ಮೆಟ್ ಇಳಿಸಿದರೆ ಮಾತ್ರ ಕರಗಿದ ಲೋಹದ ಮಡು, ಅಂದರೆ ಪಡಲ್‌ನ ಅಂಚು ಕಲಸಿಹೋಗುತ್ತದೆ, ಜಾಯಿಂಟಿನ ಗೆರೆ ತಪ್ಪುತ್ತದೆ. ಇದರಲ್ಲಿ ಆಪರೇಷನ್ನಿನ ತಪ್ಪೇನೂ ಇಲ್ಲ. ಸಾಮಾನ್ಯವಾಗಿ ಹಾಕುವ ಮೊನೊಫೋಕಲ್ ಲೆನ್ಸಿಗೆ ಫೋಕಸ್ ಇರುವುದು ಒಂದೇ ದೂರಕ್ಕೆ, ಅದನ್ನು ಬಹುಪಾಲು ದೂರದೃಷ್ಟಿಗೇ ಹೊಂದಿಸಿರುತ್ತಾರೆ. ಹುಟ್ಟಿನಿಂದ ಬಂದ ಲೆನ್ಸ್ ವಯಸ್ಸಾದರೂ ಅಷ್ಟಿಷ್ಟು ಉಬ್ಬಿ ಹತ್ತಿರದ್ದನ್ನು ಹಿಡಿಯುತ್ತಿತ್ತು, ಇದು ಒಂದಿಷ್ಟೂ ಉಬ್ಬುವುದಿಲ್ಲ. ವೆಲ್ಡಿಂಗ್ ನಡೆಯುವುದೋ ಬಹುಪಾಲು ಕಣ್ಣಿನಿಂದ 35ರಿಂದ 70 ಸೆಂ.ಮೀ. ಒಳಗೆ.

ಈ ತೊಂದರೆಗೆ ಮಾರುಕಟ್ಟೆಯಲ್ಲಿ ಸಿಗುವ ಅತಿ ಸರಳ ಪರಿಹಾರ ಚೀಟರ್ ಲೆನ್ಸ್. ಹೆಲ್ಮೆಟ್‌ನ ಒಳಗೆ, ಆಟೋ ಡಾರ್ಕನಿಂಗ್ ಫಿಲ್ಟರಿನ (ವೆಲ್ಡಿಂಗ್ ಬೆಳಕು ಹೊತ್ತಿದೊಡನೆ ತಾನೇ ಕಪ್ಪಾಗುವ ಗಾಜಿನ) ಹಿಂಬದಿಯ ತೋಡಿಗೆ ಜಾರಿಸಿ ಕೂರಿಸುವ ಪ್ಲಾಸ್ಟಿಕ್ ಭೂತಗನ್ನಡಿ ಅದು. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಎರಡೂ ಕಣ್ಣಿಗೆ ದೂರಕ್ಕೆ ಹೊಂದಿಸಿದ ಮೊನೊಫೋಕಲ್ ಲೆನ್ಸ್ ಇದ್ದು, ಅಸ್ಟಿಗ್ಮ್ಯಾಟಿಸಂ (ಒಂದೇ ಕಣ್ಣಿಗೆ ಬೇರೆಬೇರೆ ದಿಕ್ಕಿನಲ್ಲಿ ಬೇರೆಬೇರೆ ಪವರ್ ಬೇಕಾಗುವ ದೋಷ) ಅಷ್ಟಾಗಿ ಇಲ್ಲದವರಿಗೆ ಇದಕ್ಕಿಂತ ಉಪಯುಕ್ತವಾದ ಸಣ್ಣ ಖರೀದಿ ಇನ್ನೊಂದಿಲ್ಲ. ಕೊಂಡು ಎರಡೇ ದಿನಕ್ಕೆ ಮೂಲೆಗೆ ಎಸೆಯುವವರು ಬಹುಪಾಲು ಪವರ್ ಆರಿಸುವಲ್ಲಿ ಎಡವಿದವರು. ಆದ್ದರಿಂದ ಆ ಭಾಗವನ್ನೇ ಇಲ್ಲಿ ವಿಸ್ತಾರವಾಗಿ ಬರೆದಿದ್ದೇವೆ.

ಸಾಮಾನ್ಯ ಅಳತೆ 2 ಇಂಚು ಎತ್ತರ, 4¼ ಇಂಚು ಅಗಲ, ಅಂದರೆ ಸುಮಾರು 51 ಮಿ.ಮೀ.ಗೆ 108 ಮಿ.ಮೀ. ಪವರ್ ಪ್ಲಸ್ 1.00ರಿಂದ 3.00ರವರೆಗೆ, ಹೆಚ್ಚಾಗಿ 0.25ರ ಹೆಜ್ಜೆಯಲ್ಲಿ ಸಿಗುತ್ತದೆ. ಕೆಲವು ಕಂಪನಿಗಳ ಹೆಲ್ಮೆಟ್‌ಗಳಿಗೆ ಅವರದೇ ಆಕಾರದ ಲೆನ್ಸ್ ಬೇಕು. ಹಾಗಾಗಿ ಹೆಲ್ಮೆಟ್‌ನ ಒಳಗೆ ತೋಡು ಇದೆಯೇ, ಇದ್ದರೆ ಎಷ್ಟು ಅಗಲ ಎಂದು ನೋಡಿಯೇ ಕೊಳ್ಳಿ. ತೋಡು ಇಲ್ಲದಿದ್ದರೆ ಕ್ಲಿಪ್ ಇರುವ ಹೋಲ್ಡರ್ ಬೇರೆ ಕೊಳ್ಳಬೇಕು. ಟೇಪು ಹಚ್ಚಿ ಅಂಟಿಸುವುದು ಬೇಡ. ಬಿಸಿಗೆ ಟೇಪು ಸಡಿಲಾಗಿ ಲೆನ್ಸ್ ಓರೆಯಾಗುತ್ತದೆ, ಓರೆಯಾದ ಲೆನ್ಸಿನಲ್ಲಿ ಗೆರೆ ಬಾಗಿ ಕಾಣುತ್ತದೆ.

ಈಗ ಪವರ್ ವಿಷಯ. ಹೆಚ್ಚಿನವರು ಓದುವ ಕನ್ನಡಕದ ನಂಬರನ್ನೇ ಹಿಡಿದು ಚೀಟರ್ ಕೊಳ್ಳುತ್ತಾರೆ. ಅದು ಎರಡು ಕಾರಣಕ್ಕೆ ಹೊಂದುವುದಿಲ್ಲ. ಓದುವ ದೂರ ಮತ್ತು ವೆಲ್ಡಿಂಗ್ ದೂರ ಒಂದೇ ಅಲ್ಲ ಎಂಬುದು ಮೊದಲನೆಯದು. ಎರಡನೆಯದು ಅಷ್ಟಾಗಿ ಯಾರೂ ಗಮನಿಸದ ಕಾರಣ: ಕನ್ನಡಕ ಕಣ್ಣಿನಿಂದ ಒಂದು ಸೆಂ.ಮೀ.ಗಿಂತ ತುಸು ದೂರದಲ್ಲಿ ಕೂರುತ್ತದೆ, ಚೀಟರ್ ಲೆನ್ಸ್ ಸುಮಾರು 5ರಿಂದ 8 ಸೆಂ.ಮೀ. ಮುಂದೆ ಕೂರುತ್ತದೆ. ದೂರಕ್ಕೆ ಹೊಂದಿಸಿದ ಕಣ್ಣಿಗೆ ಪಡಲ್ ಸ್ಪಷ್ಟವಾಗಿ ಕಾಣಬೇಕಾದರೆ ಪಡಲ್ ಈ ಲೆನ್ಸಿನ ಫೋಕಸ್ ದೂರದಲ್ಲಿ ಇರಬೇಕು. ಆದ್ದರಿಂದ ಅಳೆಯಬೇಕಾದದ್ದು ಹೆಲ್ಮೆಟ್‌ನ ಕಿಟಕಿಯಿಂದ ಪಡಲ್‌ವರೆಗಿನ ದೂರ. ಕಣ್ಣಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ.

ಅಳೆಯುವುದು ಹೀಗೆ. ಮಷೀನು ಆಫ್ ಮಾಡಿ. ಯಾವ ಭಂಗಿಯಲ್ಲಿ ಹೆಚ್ಚು ಹೊತ್ತು ಕೆಲಸ ಮಾಡುತ್ತೀರೋ ಅದೇ ಭಂಗಿಯಲ್ಲಿ ಹೆಲ್ಮೆಟ್ ಇಳಿಸಿ, ವೆಲ್ಡಿಂಗ್ ಟಾರ್ಚು ಅಥವಾ ರಾಡಿನ ಹೋಲ್ಡರ್ ಕೈಯಲ್ಲಿ ಹಿಡಿದು ಜಾಯಿಂಟಿನ ಮೇಲೆ ಬಾಗಿ. ಇನ್ನೊಬ್ಬರು ಟೇಪಿನಿಂದ ಕಿಟಕಿಯ ಒಳಮೈಯಿಂದ ಜಾಯಿಂಟಿನವರೆಗೆ ಸೆಂ.ಮೀ.ನಲ್ಲಿ ಅಳೆಯಲಿ. ನೂರನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬೇಕಾದ ಪವರ್ ಸಿಕ್ಕಿತು. 40 ಸೆಂ.ಮೀ. ಬಂದರೆ ಪ್ಲಸ್ 2.50, 45 ಬಂದರೆ 2.25, 50ಕ್ಕೆ 2.00, 57ಕ್ಕೆ 1.75, 67ಕ್ಕೆ 1.50. ಟಿಗ್ (ಟಂಗ್‌ಸ್ಟನ್ ಕಡ್ಡಿಯ ವೆಲ್ಡಿಂಗ್) ಮಾಡುವವರು ಬಗ್ಗಿ ಹತ್ತಿರ ಹೋಗುತ್ತಾರೆ, ಅವರಿಗೆ 2.50ರ ಆಸುಪಾಸು ಬರುವುದು ಸಹಜ. ಸ್ಟಿಕ್ ವೆಲ್ಡಿಂಗ್‌ನಲ್ಲಿ ತಲೆ ಹಿಂದಿರುತ್ತದೆ, 350 ಮಿ.ಮೀ. ರಾಡು ಸುಡುತ್ತ ಹೋದಂತೆ ಕೈ ಮತ್ತು ತಲೆ ಜರುಗುತ್ತಲೇ ಇರುತ್ತವೆ. ಅಲ್ಲಿ 1.50 ಅಥವಾ 1.75 ಸಾಕಾಗುತ್ತದೆ.

ಆಪರೇಷನ್ ನಂತರವೂ ದೂರಕ್ಕೆ ಸಣ್ಣ ಮೈನಸ್ ನಂಬರು ಉಳಿದಿದ್ದರೆ ಅಷ್ಟನ್ನು ಕಳೆಯಿರಿ. ಮೈನಸ್ 0.50 ಉಳಿದವರಿಗೆ 2.50ರ ಜಾಗದಲ್ಲಿ 2.00 ಸರಿಹೋಗುತ್ತದೆ. ಈ ಅಂಕಿ ಬೇಕಾದರೆ ಕಣ್ಣು ಗುಣವಾಗಿ ನಂಬರು ನಿಂತಿರಬೇಕು. ಸಾಮಾನ್ಯವಾಗಿ 4ರಿಂದ 6 ವಾರದ ನಂತರವೇ ಅಂತಿಮ ನಂಬರು ತೆಗೆಯುತ್ತಾರೆ, ಅದಕ್ಕೆ ಮುಂಚೆ ಚೀಟರ್ ಕೊಳ್ಳುವುದು ದಂಡ.

ಲೆಕ್ಕದ ಪವರ್ ಒಂದು, ಅದಕ್ಕಿಂತ ಒಂದು ಹೆಜ್ಜೆ ಕಡಿಮೆಯದು ಒಂದು, ಎರಡನ್ನೂ ಹಾಕಿ ನೋಡಿ. ಎರಡರಲ್ಲೂ ಅಂಚು ಸ್ಪಷ್ಟವಿದ್ದರೆ ಕಡಿಮೆಯದನ್ನೇ ಇಟ್ಟುಕೊಳ್ಳಿ. ಪವರ್ ಹೆಚ್ಚಿದಷ್ಟೂ ಸ್ಪಷ್ಟವಾಗಿ ಕಾಣುವ ಪಟ್ಟಿ ಕಿರಿದಾಗುತ್ತದೆ. ಕಣ್ಣು ಕಾಲು ಡಯಾಪ್ಟರ್ (ಪವರ್ ನಂಬರಿನಲ್ಲಿ 0.25) ಅತ್ತಿತ್ತ ಸಹಿಸಿಕೊಳ್ಳುತ್ತದೆ ಎಂದಿಟ್ಟುಕೊಂಡರೆ, ಪ್ಲಸ್ 2.00ರಲ್ಲಿ ಕಿಟಕಿಯಿಂದ 44ರಿಂದ 57 ಸೆಂ.ಮೀ.ವರೆಗೆ, ಅಂದರೆ 13 ಸೆಂ.ಮೀ.ನಷ್ಟು ಜಾಗ ಸಿಗುತ್ತದೆ. ಪ್ಲಸ್ 3.00ರಲ್ಲಿ 31ರಿಂದ 36ರವರೆಗೆ, ಬರೀ 5 ಸೆಂ.ಮೀ. ಉದ್ದ ಸೀಮಿನಲ್ಲಿ ಬೀಡ್ (ವೆಲ್ಡಿನ ಪಟ್ಟಿ) ಎಳೆಯುತ್ತ ಹೋದಾಗ ತಲೆ ಅಷ್ಟು ಜರುಗೇ ಜರುಗುತ್ತದೆ. ಹೆಚ್ಚು ಪವರ್ ಹಾಕಿದವರು ಕುತ್ತಿಗೆ ಬಿಗಿಹಿಡಿದು ಕೆಲಸ ಮಾಡಿ ಸಂಜೆಗೆ ಹೆಗಲುನೋವು ಎನ್ನುವುದು ಇದರಿಂದಲೇ.

ಸ್ಪಷ್ಟತೆ ಪರೀಕ್ಷಿಸಲು ಅರ್ಧ ಮಿಲಿಮೀಟರಿನ ಗೆರೆಗಳಿರುವ ಸ್ಟೀಲ್ ಸ್ಕೇಲನ್ನು ಜಾಯಿಂಟಿನ ಮೇಲೆ ಇಟ್ಟು, ಪ್ರಖರವಾದ ಎಲ್‌ಇಡಿ ದೀಪ ಬಿಟ್ಟು, ಫಿಲ್ಟರ್ ತಿಳಿಯಾಗಿರುವಾಗಲೇ ನೋಡಿ. ದೀಪ ಬೇಕೇ ಬೇಕು. ಫಿಲ್ಟರ್ ಎಷ್ಟು ಕಪ್ಪು ಎಂಬುದರ ಅಂಕಿ ಶೇಡ್; ತಿಳಿ ಸ್ಥಿತಿಯಲ್ಲೂ ಶೇಡ್ 3ರ ಫಿಲ್ಟರ್ ಬಿಡುವುದು ಸುಮಾರು 14 ಶೇಕಡಾ ಬೆಳಕನ್ನು, ಶೇಡ್ 4 ಬಿಡುವುದು ಸುಮಾರು 5 ಶೇಕಡಾ ಮಾತ್ರ. ಗೆರೆಗಳು ಬಿಡಿಬಿಡಿಯಾಗಿ ಕಂಡ ಮೇಲೆ ಸ್ಕ್ರ್ಯಾಪಿನ ಮೇಲೆ ಆರ್ಕ್ ಹಚ್ಚಿ ನೋಡಿ.

ಮೊದಲ ಬಾರಿ ಹಾಕಿದವರು ಇನ್ನೊಂದನ್ನು ತಿಳಿದಿರಬೇಕು. ಕಣ್ಣಿನಿಂದ 6 ಸೆಂ.ಮೀ. ಮುಂದಿರುವ ಪ್ಲಸ್ 2.50 ಲೆನ್ಸ್ ಎಲ್ಲವನ್ನೂ ಸುಮಾರು ಆರನೇ ಒಂದು ಭಾಗದಷ್ಟು ದೊಡ್ಡದಾಗಿ ತೋರಿಸುತ್ತದೆ. ಬೀಡ್ ಸಾಕಷ್ಟು ಅಗಲ ಬಂದಿದೆ ಎನಿಸುತ್ತದೆ, ಆರ್ಕ್ ಉದ್ದವಾಯಿತು ಎನಿಸುತ್ತದೆ. ಕೈ ತಾನಾಗಿಯೇ ರಾಡನ್ನು ಒಳಗೆ ಒತ್ತಿ ಅಂಟಿಸಿಕೊಳ್ಳಬಹುದು, ಫಿಲೆಟ್ (ಮೂಲೆ ವೆಲ್ಡ್) ಅಳತೆ ಕಡಿಮೆ ಬೀಳಬಹುದು. ಹಾಗಾಗಿ ಮೊದಲ ಕೆಲವು ತುಂಡುಗಳನ್ನು ಫಿಲೆಟ್ ಗೇಜಿನಿಂದ ಅಳೆದು ಕೈಯನ್ನು ತಿದ್ದಿಕೊಳ್ಳಿ. ಕಣ್ಣಂದಾಜನ್ನು ಆಗ ನಂಬಬೇಡಿ.

ಬೈಫೋಕಲ್ ಕನ್ನಡಕಕ್ಕಿಂತ ಚೀಟರ್ ಎದ್ದು ಗೆಲ್ಲುವುದು ತಲೆಯ ಮೇಲಿನ ಕೆಲಸದಲ್ಲಿ ಮತ್ತು ಪೈಪಿನಲ್ಲಿ. ಬೈಫೋಕಲ್‌ನ ಹತ್ತಿರದ ಭಾಗ ಕೆಳಗಿರುತ್ತದೆ. ಓವರ್‌ಹೆಡ್ ಜಾಯಿಂಟ್ ನೋಡಬೇಕಾದರೆ ಗಲ್ಲ ಆಕಾಶಕ್ಕೆ ಎತ್ತಬೇಕು, ಆಗ ಹೆಲ್ಮೆಟ್‌ನ ಕೆಳಅಂಚು ಎದೆಯಿಂದ ದೂರ ಸರಿದು ಬೆಳಕು ಮತ್ತು ಕಿಡಿಗೆ ದಾರಿಯಾಗುತ್ತದೆ. ಚೀಟರ್‌ನಲ್ಲಿ ಇಡೀ ಲೆನ್ಸ್ ಒಂದೇ ಪವರ್, ನೇರವಾಗಿ ನೋಡಿದರೆ ಸಾಕು. ಬೈಫೋಕಲ್ ಹಾಕಿಕೊಂಡೇ ಮುಂದೆ ಚೀಟರನ್ನೂ ಇಟ್ಟರೆ ಪವರ್‌ಗಳು ಕೂಡಿಕೊಳ್ಳುತ್ತವೆ ಎಂಬುದನ್ನು ಮರೆಯಬಾರದು. 2.50ರ ಓದುವ ಭಾಗದಿಂದ 2.00ರ ಚೀಟರ್ ಮೂಲಕ ನೋಡಿದರೆ ಒಟ್ಟು ನಾಲ್ಕೂವರೆಯ ಹತ್ತಿರ, ಫೋಕಸ್ ಮೂಗಿನ ಮುಂದೆ ಗೇಣುದೂರಕ್ಕೆ ಬಂದುಬಿಡುತ್ತದೆ. ಚೀಟರ್ ಹಾಕಿದರೆ ಒಳಗೆ ಪವರ್ ಇಲ್ಲದ ಸೇಫ್ಟಿ ಕನ್ನಡಕ, ಅಥವಾ ದೂರದ ನಂಬರಿನ ಸೇಫ್ಟಿ ಕನ್ನಡಕ. ಕನ್ನಡಕವನ್ನೇ ಬಿಟ್ಟುಬಿಡುವ ಆಯ್ಕೆ ಇಲ್ಲ. ಸ್ಲ್ಯಾಗ್ (ವೆಲ್ಡಿನ ಮೇಲೆ ಗಟ್ಟಿಯಾದ ಪದರ) ತಟ್ಟಲು ಹೆಲ್ಮೆಟ್ ಎತ್ತಿದ ಕ್ಷಣ ಚೀಟರೂ ಮೇಲೆ ಹೋಗುತ್ತದೆ, ಆಪರೇಷನ್ ಆದ ಕಣ್ಣು ಬರಿದಾಗುತ್ತದೆ. ಗ್ರೈಂಡಿಂಗ್ ಚೂರಿನಿಂದ ಕಾಯಲು ಚೀಟರನ್ನು ತಯಾರಿಸಿಯೇ ಇಲ್ಲ.

ಇದರ ದೊಡ್ಡ ಮಿತಿ ಅಸ್ಟಿಗ್ಮ್ಯಾಟಿಸಂ. ಚೀಟರ್‌ನಲ್ಲಿರುವುದು ಗೋಳ ಪವರ್ ಮಾತ್ರ, ಅಸ್ಟಿಗ್ಮ್ಯಾಟಿಸಂ ತಿದ್ದುವ ಸಿಲಿಂಡರ್ ಪವರ್ ಇಲ್ಲ. ಆಪರೇಷನ್ ನಂತರ 0.75ಕ್ಕಿಂತ ಹೆಚ್ಚು ಸಿಲಿಂಡರ್ ಉಳಿದವರಿಗೆ ಜಾಯಿಂಟ್ ಒಂದು ದಿಕ್ಕಿನಲ್ಲಿ ಚೂಪಾಗಿಯೂ ಅಡ್ಡ ದಿಕ್ಕಿನಲ್ಲಿ ಹರಡಿಯೂ ಕಾಣುತ್ತದೆ, ಪವರ್ ಎಷ್ಟು ಬದಲಿಸಿದರೂ ಸರಿಯಾಗುವುದಿಲ್ಲ. ಎರಡು ಕಣ್ಣಿನ ನಂಬರು ಬೇರೆಬೇರೆ ಇದ್ದವರಿಗೂ ಇದೇ ಪಾಡು. ಒಂದು ಕಣ್ಣು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ ಎಂದು ಲೆನ್ಸ್ ಹಾಕಿಸಿಕೊಂಡವರಿಗಂತೂ ಚೀಟರ್ ಬೇಡ. ಹತ್ತಿರದ ಕಣ್ಣಿಗೆ ಅದು ಹೊರೆ, ಜೊತೆಗೆ ಆಳದ ಅಂದಾಜು ಮೊದಲೇ ಕುಂದಿರುವುದರಿಂದ ಫಿಲ್ಲರ್ ವೈರು ಪಡಲ್ ತಪ್ಪಿ ಟಂಗ್‌ಸ್ಟನ್‌ಗೆ ತಾಗುತ್ತದೆ. ಇವರೆಲ್ಲ ವೆಲ್ಡಿಂಗ್ ದೂರವನ್ನು ಅಳೆದುಕೊಂಡು ಹೋಗಿ, ಆ ದೂರಕ್ಕೆಂದೇ ಸಿಂಗಲ್ ವಿಷನ್ ಸೇಫ್ಟಿ ಕನ್ನಡಕ ಮಾಡಿಸಿಕೊಳ್ಳುವುದು ಒಳ್ಳೆಯದು. ನಿಜ ಹೇಳಬೇಕೆಂದರೆ ದಿನವಿಡೀ ಟಿಗ್ ಮಾಡುವ ಯಾರಿಗಾದರೂ ಇದೇ ಉತ್ತಮ, ಹೆಲ್ಮೆಟ್ ಎತ್ತಿದಾಗಲೂ ಟಂಗ್‌ಸ್ಟನ್ ತುದಿ, ಡ್ರಾಯಿಂಗು ಎರಡೂ ಕಾಣುತ್ತವೆ. ಕನ್ನಡಕದ ಅಂಗಡಿಯಲ್ಲಿ "ಓದಲು" ಎಂದರೆ 35-40 ಸೆಂ.ಮೀ.ಗೆ ಮಾಡಿಕೊಡುತ್ತಾರೆ, ಆದ್ದರಿಂದ ದೂರವನ್ನು ಅಂಕಿಯಲ್ಲೇ ಹೇಳಬೇಕು.

ಮಲ್ಟಿಫೋಕಲ್ ಅಥವಾ ಟ್ರೈಫೋಕಲ್ ಲೆನ್ಸ್ ಹಾಕಿಸಿಕೊಂಡವರ ಕತೆ ಬೇರೆ. ಆ ಲೆನ್ಸ್ ಬೆಳಕನ್ನು ಹಲವು ದೂರಗಳಿಗೆ ಹಂಚುವುದರಿಂದ ಆರ್ಕ್‌ನ ಸುತ್ತ ಬಳೆಯಂಥ ಪ್ರಭೆ ಕಾಣಬಹುದು, ಪಡಲ್ ಮತ್ತು ಅದರ ಪಕ್ಕದ ಲೋಹದ ನಡುವಿನ ಕಾಂಟ್ರಾಸ್ಟ್ ಕುಗ್ಗುತ್ತದೆ. ಇಂಥವರಲ್ಲಿ ಹಲವರಿಗೆ ಹತ್ತಿರದ ಫೋಕಸ್ ಮೂಲಕ ನೋಡುವುದಕ್ಕಿಂತ, ಚೀಟರ್ ಹಾಕಿ ದೂರದ ಫೋಕಸ್ ಮೂಲಕ ನೋಡಿದರೆ ಚಿತ್ರ ಗಟ್ಟಿಯಾಗಿ ಕಾಣುತ್ತದೆ, ಏಕೆಂದರೆ ಅನೇಕ ವಿನ್ಯಾಸಗಳಲ್ಲಿ ಬೆಳಕಿನ ದೊಡ್ಡ ಪಾಲು ದೂರದ ಫೋಕಸ್ಸಿಗೇ ಹೋಗುತ್ತದೆ. ಇನ್ನೂ ಆಪರೇಷನ್ ಆಗದೆ ಲೆನ್ಸ್ ಆರಿಸುತ್ತಿರುವ ವೆಲ್ಡರ್ ಆಗಿದ್ದರೆ ನಿಮ್ಮ ಕೆಲಸ, ಅದರ ದೂರ ಎರಡನ್ನೂ ಸರ್ಜನ್‌ಗೆ ಬಾಯಿಬಿಟ್ಟು ಹೇಳಿ.

ಬೆಳಕಿನ ವಿಷಯಕ್ಕೆ ಬಂದರೆ, ಚೀಟರ್ ಹಾಕಿದ ಮೇಲೆ ಕಾಡುವುದು ಹಿಂದಿನಿಂದ ಬರುವ ಪ್ರತಿಫಲನ. ಬೆನ್ನ ಹಿಂದೆ ಕಿಟಕಿಯಿದ್ದರೆ, ಅಥವಾ ಪಕ್ಕದ ಕೆಲಸದ ಜಾಗದಲ್ಲಿ ಇನ್ನೊಬ್ಬರ ಆರ್ಕ್ ಉರಿಯುತ್ತಿದ್ದರೆ, ಆ ಬೆಳಕು ಹೆಲ್ಮೆಟ್‌ನೊಳಗೆ ನುಗ್ಗಿ ಚೀಟರ್‌ನ ನುಣುಪು ಮೈಗೆ ಬಡಿದು ಕಣ್ಣಿಗೆ ಮರಳುತ್ತದೆ. ಫಿಲ್ಟರ್ ಶೇಡ್ 11ಕ್ಕೆ ಹೋದಾಗ ಮುಂದಿನಿಂದ ಬರುವ ಬೆಳಕು 0.005 ಶೇಕಡಾದಷ್ಟು ಮಾತ್ರ. ಅಷ್ಟು ಕತ್ತಲೆಯಲ್ಲಿ ಹಿಂದಿನ ಸಣ್ಣ ಬೆಳಕೂ ನಿಮ್ಮದೇ ಮುಖದ ಬಿಂಬವಾಗಿ ಪಡಲ್ ಮೇಲೆ ಕೂರುತ್ತದೆ. ಪೊರೆ ಹೋದ ಕಣ್ಣಿಗೆ ಇದು ಇನ್ನೂ ಎದ್ದು ಕಾಣುತ್ತದೆ. ಪರಿಹಾರ ಸುಲಭ: ಹೆಲ್ಮೆಟ್‌ನ ಹಿಂದಿನಿಂದ ಕತ್ತು, ತಲೆ ಮುಚ್ಚುವ ಕಪ್ಪು ಬಟ್ಟೆ ಅಥವಾ ಚರ್ಮದ ಪರದೆ. ಬೆಂಕಿ ಹಿಡಿಯದ ಬಟ್ಟೆಯಾಗಿರಲಿ, ಸಿಂಥೆಟಿಕ್ ಬೇಡ.

ಶೇಡ್ ನಾಬ್ ಬಗ್ಗೆ ಒಂದು ಎಚ್ಚರಿಕೆ. ಪೊರೆ ಬೆಳೆಯುತ್ತಿದ್ದಾಗ ಮಬ್ಬು ಎಂದು ಹಲವರು ಶೇಡನ್ನು 11ರಿಂದ 10ಕ್ಕೆ, 10ರಿಂದ 9ಕ್ಕೆ ಇಳಿಸಿಕೊಂಡಿರುತ್ತಾರೆ. ಆಪರೇಷನ್ ನಂತರ ನಾಬ್ ಅಲ್ಲೇ ಉಳಿದಿರುತ್ತದೆ, ಕಣ್ಣು ಮಾತ್ರ ಹೊಸದು. ಪ್ರತಿ ಒಂದು ಶೇಡ್ ಇಳಿದರೆ ಬೆಳಕು ಸುಮಾರು 2.7 ಪಟ್ಟು ಹೆಚ್ಚುತ್ತದೆ, ಎರಡು ಇಳಿದರೆ ಏಳು ಪಟ್ಟು. ಕೆಲಸಕ್ಕೆ ಮರಳಿದ ದಿನ ಮೊದಲು ನಾಬನ್ನು ಮೇಲಕ್ಕೆ ತಿರುಗಿಸಿ, ಪಡಲ್‌ನ ಅಂಚು ಕಾಣುವವರೆಗೆ ಒಂದೊಂದೇ ಹೆಜ್ಜೆ ಇಳಿಸಿ. ಅಮೆರಿಕದ ಎಎನ್‌ಎಸ್‌ಐ ಝಡ್49.1 ಎಂಬ ವೆಲ್ಡಿಂಗ್ ಸುರಕ್ಷತಾ ಮಾನದಂಡದ ಪಟ್ಟಿ ಒಳ್ಳೆಯ ಆಧಾರ. ಸ್ಟಿಕ್‌ನಲ್ಲಿ 60ರಿಂದ 160 ಆಂಪಿಯರ್‌ಗೆ ಕನಿಷ್ಠ 8, ಸೂಚಿಸಿದ್ದು 10. 160ರಿಂದ 250ಕ್ಕೆ ಕನಿಷ್ಠ 10, ಸೂಚಿಸಿದ್ದು 12. ಮಿಗ್‌ನಲ್ಲಿ (ತಂತಿ ತಾನಾಗಿ ಬರುವ ವೆಲ್ಡಿಂಗ್) 60ರಿಂದ 160ಕ್ಕೆ ಕನಿಷ್ಠ 10, ಸೂಚಿಸಿದ್ದು 11. ಟಿಗ್‌ನಲ್ಲಿ 50ರಿಂದ 150ಕ್ಕೆ ಕನಿಷ್ಠ 8, ಸೂಚಿಸಿದ್ದು 12. ಕನಿಷ್ಠಕ್ಕಿಂತ ಕೆಳಗೆ ಇಳಿಯಲೇಬಾರದು.

ಒಳ್ಳೆಯ ಫಿಲ್ಟರ್ ತಿಳಿಯಾಗಿರುವಾಗಲೂ ಅಲ್ಟ್ರಾವಯೊಲೆಟ್ ಮತ್ತು ಇನ್ಫ್ರಾರೆಡ್ ಕಿರಣಗಳನ್ನು ತಡೆಯುತ್ತಲೇ ಇರುತ್ತದೆ. ಶೇಡ್ ಎಂಬುದು ಕಣ್ಣಿಗೆ ಕಾಣುವ ಬೆಳಕಿನ ಲೆಕ್ಕ. ಇಂದು ಹಾಕುವ ಕೃತಕ ಲೆನ್ಸ್‌ಗಳಲ್ಲಿ ಹೆಚ್ಚಿನವು ಅಲ್ಟ್ರಾವಯೊಲೆಟ್ ಹೀರುತ್ತವೆ ಎಂಬುದೂ ನಿಜ, ಆದರೆ ಆರ್ಕ್‌ನ ಕಿರಣ ಮೊದಲು ಸುಡುವುದು ಲೆನ್ಸಿನ ಮುಂದಿರುವ ಕಾರ್ನಿಯಾವನ್ನು. ಆರ್ಕ್ ಬಿಸಿಗೆ ಕಣ್ಣೊಳಗಿನ ಲೆನ್ಸ್ ಕರಗುತ್ತದೆ ಎಂಬ ಮಾತಿಗೆ ಮಾತ್ರ ಹೆದರಬೇಕಿಲ್ಲ.

ಬಣ್ಣವೂ ಬದಲಾಗುತ್ತದೆ, ಇದನ್ನು ಸ್ಟೇನ್‌ಲೆಸ್ ಮಾಡುವವರು ಗಮನಿಸಬೇಕು. ಹಳೆಯ ಹಳದಿ ಪೊರೆ ನೀಲಿಯನ್ನು ನುಂಗುತ್ತಿತ್ತು. ಅದು ಹೋದ ಮೇಲೆ ಬೀಡ್‌ನ ಪಕ್ಕದ ಒಣಹುಲ್ಲಿನ ಬಣ್ಣ ತೆಳುವಾಗಿ, ನೀಲಿ ಇನ್ನೂ ಗಾಢವಾಗಿ ಕಾಣುತ್ತದೆ. ಗ್ಯಾಸ್ ಸಾಲದು, ಬಿಸಿ ಹೆಚ್ಚಾಯಿತು ಎಂದು ಸೆಟ್ಟಿಂಗ್ ಬದಲಿಸುವ ಮೊದಲು ಒಪ್ಪಿತವಾದ ಹಳೆಯ ಮಾದರಿ ತುಂಡನ್ನು ಪಕ್ಕದಲ್ಲಿಟ್ಟು ಹೋಲಿಸಿ. ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಗಿ ಇನ್ನೊಂದು ಬಾಕಿಯಿರುವ ಅವಧಿಯಲ್ಲಿ ಎರಡು ಕಣ್ಣು ಎರಡು ಬಣ್ಣ ತೋರಿಸುತ್ತವೆ, ಆಗ ಬಣ್ಣದ ತೀರ್ಮಾನ ಬೇರೆಯವರಿಗೆ ಬಿಡುವುದೇ ಸರಿ.

ಹೆಲ್ಮೆಟನ್ನೇ ಬದಲಿಸುವುದಾದರೆ ನಾಲ್ಕು ವಿಷಯ ನೋಡಿ: ಕಿಟಕಿಯ ಎತ್ತರ, ತಿಳಿ ಸ್ಥಿತಿಯ ಶೇಡ್, ಯುರೋಪಿನ ಇಎನ್ 379 ಮಾನದಂಡದ ಪ್ರಕಾರದ ಆಪ್ಟಿಕಲ್ ದರ್ಜೆ, ಆರ್ಕ್ ಗುರುತಿಸುವ ಸೆನ್ಸರ್‌ಗಳ ಸಂಖ್ಯೆ. ಲಿಂಕನ್ ವೈಕಿಂಗ್ 3350ರ ಕಿಟಕಿ ಸುಮಾರು 95ಕ್ಕೆ 85 ಮಿ.ಮೀ., ದರ್ಜೆ 1/1/1/1, ಅಂದರೆ ನಾಲ್ಕೂ ಅಂಶಗಳಲ್ಲಿ ಅತ್ಯುತ್ತಮ. ಇಷ್ಟು ಎತ್ತರದಲ್ಲಿ 51 ಮಿ.ಮೀ. ಚೀಟರ್ ಕೂರಿಸಿದರೂ ಮೇಲೆ ಕೆಳಗೆ ಬರಿ ಕಿಟಕಿ ಉಳಿಯುತ್ತದೆ. ದೂರಕ್ಕೆ ಹೊಂದಿಸಿದ ಕಣ್ಣಿಗೆ ಅದು ಲಾಭ, ಮೇಲಿಂದ ನೋಡಿ ಕೆಲಸದ ಜಾಗದಲ್ಲಿ ಓಡಾಡಬಹುದು. ಚೀಟರ್ ಅಂಚಿನ ಗೆರೆ ಮೊದಮೊದಲು ಕಿರಿಕಿರಿ ಮಾಡುತ್ತದೆ ಅಷ್ಟೇ. ಈಸಾಬ್ ಸೆಂಟಿನೆಲ್ ಎ50ರ ಕಿಟಕಿ 100ಕ್ಕೆ 60 ಮಿ.ಮೀ., ಅಲ್ಲಿ ಚೀಟರ್ ಬಹುತೇಕ ಎಲ್ಲವನ್ನೂ ಮುಚ್ಚುವುದರಿಂದ ದೂರ ನೋಡಲು ಹೆಲ್ಮೆಟ್ ಎತ್ತಲೇಬೇಕು. ಆಪ್ಟ್ರೆಲ್ ಕ್ರಿಸ್ಟಲ್ 2.0ದ ತಿಳಿ ಸ್ಥಿತಿ ಶೇಡ್ 2, ಹೊರಗಿನ ಬೆಳಕಿನ ಮೂರನೇ ಒಂದು ಭಾಗದಷ್ಟನ್ನು ಬಿಡುತ್ತದೆ. ಶೇಡ್ 3 ಅಥವಾ 4ರಲ್ಲಿ ಜಾಯಿಂಟ್ ಹುಡುಕಲು ತಡಕಾಡುವವರಿಗೆ ಈ ಒಂದೇ ಗುಣಕ್ಕೆ ಅದು ಯೋಗ್ಯ. ಯಾವುದೇ ಹೆಲ್ಮೆಟ್ ಆಗಲಿ, ಆರ್ಕ್ ಆರಿದ ಮೇಲೆ ತಿಳಿಯಾಗುವ ಡಿಲೇಯನ್ನು ಅರ್ಧ ಸೆಕೆಂಡಿಗಿಂತ ಹೆಚ್ಚಿಗೆ ಇಡಿ, ಬೀಡ್ ಮುಗಿದಲ್ಲಿ ಕೆಂಪಗೆ ಹೊಳೆಯುವ ಗುಳಿ (ಕ್ರೇಟರ್) ಆಗ ಕಣ್ಣು ಕುಕ್ಕುವುದಿಲ್ಲ.

ಕೊಳ್ಳುವಾಗ ಲೆನ್ಸನ್ನು ಚೌಕುಳಿ ಕಾಗದದ ಮೇಲೆ ಹಿಡಿದು ನಿಧಾನಕ್ಕೆ ಅಡ್ಡ ಸರಿಸಿ. ಗೆರೆಗಳು ಸಮನಾಗಿ ದೊಡ್ಡದಾಗುತ್ತ ಹೋದರೆ ಒಳ್ಳೆಯದು, ನೀರಲೆಯಂತೆ ನಡುಗಿದರೆ ಅಚ್ಚು ಕಳಪೆ, ಬಿಡಿ. ಕೂರಿಸುವಾಗ ಸಪಾಟು ಮುಖ ಫಿಲ್ಟರಿನ ಕಡೆಗಿರಲಿ, ಒಳಗಿನ ಕವರ್ ಪ್ಲೇಟನ್ನು ತೆಗೆಯಬೇಡಿ. ಉಬ್ಬು ಮುಖ ಫಿಲ್ಟರಿನ ಕಡೆಗೆ ತಿರುಗಿದರೆ ನಡುಭಾಗ ಪ್ಲೇಟಿಗೆ ಉಜ್ಜಿ, ಸರಿಯಾಗಿ ಕಣ್ಣೆದುರಿಗೇ ಗೀರು ಬೀಳುತ್ತದೆ. ತೊಳೆಯಲು ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಪಾಲಿಕಾರ್ಬೊನೇಟ್ ಲೆನ್ಸಿಗೆ ಥಿನ್ನರ್ ಅಥವಾ ಅಸಿಟೋನ್ ತಾಗಿದರೆ ಮಂಜಾಗಿ ಬಿರುಕು ಬಿಡುತ್ತದೆ.

ಕೆಲಸಕ್ಕೆ ಯಾವಾಗ ಮರಳಬೇಕು ಎಂಬುದು ಸರ್ಜನ್ ಹೇಳಬೇಕಾದ ಮಾತು. ಆರ್ಕ್‌ಗಿಂತ ಗ್ರೈಂಡಿಂಗ್ ಧೂಳು ಆಗಿನ ದೊಡ್ಡ ಶತ್ರು ಎಂದು ಅವರಿಗೆ ನೆನಪಿಸಿ. ತಪಾಸಣೆಗೆ ಹೋಗಿ ಪಾಪೆ ಅಗಲಿಸುವ ಹನಿ ಹಾಕಿಸಿಕೊಂಡ ದಿನ ಟಾರ್ಚು ಮುಟ್ಟಬೇಡಿ.

ತಿಂಗಳುಗಳೋ ವರ್ಷಗಳೋ ಚೆನ್ನಾಗಿ ಕೆಲಸ ಮಾಡಿದ ಚೀಟರ್‌ನಲ್ಲಿ ಮತ್ತೆ ಮಂಜು ಕಾಣತೊಡಗಿದರೆ ಪವರ್ ಹೆಚ್ಚಿಸಲು ಹೋಗಬೇಡಿ. ಮೊದಲು ಹೊರಗಿನ ಕವರ್ ಪ್ಲೇಟ್ ಬದಲಿಸಿ, ಆಮೇಲೆ ಒಳಗಿನದು, ಆಮೇಲೆ ಚೀಟರನ್ನು ತೊಳೆದು ನೋಡಿ. ಅಷ್ಟಕ್ಕೂ ಹೋಗದಿದ್ದರೆ ಹೆಲ್ಮೆಟ್ ತೆಗೆದು, ಒಂದೊಂದೇ ಕಣ್ಣು ಮುಚ್ಚಿ ಸ್ಟೀಲ್ ಸ್ಕೇಲ್ ನೋಡಿ. ಒಂದೇ ಕಣ್ಣಿನಲ್ಲಿ ಮಂಜಿದ್ದು ದೀಪದ ಸುತ್ತ ಬೆಳಕು ಹರಡಿದರೆ, ಕೃತಕ ಲೆನ್ಸಿನ ಹಿಂದಿನ ಪೊರೆಚೀಲ ಮಸುಕಾಗಿರುವ ಸಾಧ್ಯತೆ ಹೆಚ್ಚು. ಯಾಗ್ ಲೇಸರಿನಿಂದ ಅದನ್ನು ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತಾರೆ. ಸ್ಕೇಲಿನ ನೇರ ಗೆರೆ ಡೊಂಕಾಗಿ ಕಂಡರೆ ತೊಂದರೆ ರೆಟಿನಾದಲ್ಲಿರಬಹುದು, ಬೇಗ ತೋರಿಸಿ. ಮಿಂಚು ಹೊಡೆದಂತೆ ಕಂಡರೆ, ಕಪ್ಪು ಚುಕ್ಕೆಗಳು ಹಠಾತ್ತನೆ ಹೆಚ್ಚಿದರೆ, ಪಕ್ಕದಿಂದ ಪರದೆ ಎಳೆದಂತಾದರೆ ಅಥವಾ ಕಣ್ಣು ಕೆಂಪಾಗಿ ನೋವು ಬಂದರೆ ಮಷೀನು ಅಲ್ಲೇ ಆಫ್ ಮಾಡಿ, ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ.